ನೆರೆ ಪರಿಹಾರದ ಹೆಸರಿನಲ್ಲಿ ಬರುವ ಕರೆ: ಹಿರಿಯರ ದೇಣಿಗೆ ಕುರಿತು ಓದುಗರ ಪ್ರಶ್ನೆಗಳು

ಮಳೆಗಾಲ ಹಿಡಿದಂತೆ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿ ಬದಲಾಗುತ್ತದೆ. ವರ್ಷವಿಡೀ ಠೇವಣಿಯ ಬಡ್ಡಿ, ನಾಮಿನಿ, ಪಿಂಚಣಿದಾರರ ಜೀವಿತ ಪ್ರಮಾಣಪತ್ರ ಎಂದು ಕೇಳುವ ಓದುಗರು, ಎಲ್ಲೋ ಗುಡ್ಡ ಜರಿದ ಅಥವಾ ಹೊಳೆ ಊರೊಳಗೆ ನುಗ್ಗಿದ ಸುದ್ದಿ ಬಂದ ವಾರದಲ್ಲಿ ದೇಣಿಗೆಯ ವಿಚಾರಕ್ಕೆ ತಿರುಗುತ್ತಾರೆ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನನಗೆ ಇದು ಹೊಸದಲ್ಲ. 2001ರ ಜನವರಿ 26ರಂದು ಗುಜರಾತಿನಲ್ಲಿ ಭೂಕಂಪವಾದ ಮೇಲೆ ಪರಿಹಾರ ನಿಧಿಗೆ ಡಿಮ್ಯಾಂಡ್ ಡ್ರಾಫ್ಟ್ ತೆಗೆಸಲು ನಮ್ಮ ಶಾಖೆಯಲ್ಲಿ ನಿಂತ ಸಾಲಿನಲ್ಲಿ ಅರ್ಧಕ್ಕರ್ಧ ಮಂದಿ ಪಿಂಚಣಿದಾರರೇ ಇದ್ದರು. ನೂರೊಂದು ರೂಪಾಯಿಯ ಡ್ರಾಫ್ಟಿಗೂ ಚಲನ್ ತುಂಬಿ, ನಿಧಿಯ ಹೆಸರನ್ನು ಗುಮಾಸ್ತರಿಂದ ಎರಡೆರಡು ಬಾರಿ ಓದಿಸಿಕೊಂಡು, ಡ್ರಾಫ್ಟನ್ನು ಲಕೋಟೆಗೆ ಹಾಕಿ ಅಂಚೆಗೆ ಒಯ್ಯುವಷ್ಟರಲ್ಲಿ ಅವರ ಅರ್ಧ ದಿನ ಕಳೆದಿರುತ್ತಿತ್ತು. ಆ ಅರ್ಧ ದಿನವೇ ಅವರಿಗೆ ಕಾವಲಾಗಿತ್ತೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಕಣ್ಣು ಮಿಟುಕಿಸುವುದರೊಳಗೆ ಹಣ ಖಾತೆ ದಾಟುವ ಕಾಲ ಬಂದ ಮೇಲೆ.

ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ದೇಣಿಗೆಯ ಹೆಸರಿನ ವಂಚನೆಗೆ ಸಂಬಂಧಿಸಿದವನ್ನಷ್ಟೇ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದೆ.

ಪ್ರಶ್ನೆ: ನನ್ನ ತಂದೆಗೆ 76 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. 2024ರಲ್ಲಿ ವಯನಾಡಿನ ಭೂಕುಸಿತದ ದೃಶ್ಯಗಳನ್ನು ಟಿ.ವಿ.ಯಲ್ಲಿ ನೋಡುತ್ತ ಕುಳಿತಿದ್ದಾಗ ಅವರ ನಿವೃತ್ತರ ವಾಟ್ಸ್‌ಆ್ಯಪ್ ಗುಂಪಿಗೆ ಸರ್ಕಾರದ ಲಾಂಛನವಿದ್ದ ಒಂದು ಕ್ಯೂಆರ್ ಕೋಡ್ ಬಂತು. ಅವರು 20,000 ರೂಪಾಯಿ ಕಳುಹಿಸಿದರು. ಎರಡು ದಿನಗಳ ನಂತರ ಅದೇ ಗುಂಪಿನಲ್ಲಿ ಯಾರೋ ಅದು ನಕಲಿ ಎಂದು ಬರೆದರು. ಅಂದಿನಿಂದ ಅಪ್ಪ ಯಾರಿಗೂ ಏನನ್ನೂ ಕೊಡುತ್ತಿಲ್ಲ. ದೇವಸ್ಥಾನದ ಹುಂಡಿಗೂ ಹಾಕುವುದಿಲ್ಲ. ಲೆಕ್ಕ ಕಲಿಸಿದ ಮನುಷ್ಯರು ಹೀಗೆ ಮೋಸ ಹೋಗುವುದು ಹೇಗೆ? — ಓದುಗರು, ಮೈಸೂರು

ಉತ್ತರ: ನಿಮ್ಮ ತಂದೆಯವರ ಲೆಕ್ಕ ಎಲ್ಲಿಯೂ ತಪ್ಪಲಿಲ್ಲ, ತಾಯಿ. ಅವರ ಎದುರಿಗಿದ್ದುದರಲ್ಲಿ ಹತ್ತಕ್ಕೆ ಒಂಬತ್ತು ಭಾಗ ನಿಜವೇ ಆಗಿತ್ತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲ ಮಣ್ಣಿನಡಿಗೆ ಹೋದದ್ದು ನಿಜ. ಅದಕ್ಕೆ ಎರಡು ವಾರ ಮೊದಲು, ಜುಲೈ 16ರಂದು, ನಮ್ಮದೇ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಅಲ್ಲಿ ಕಾಣೆಯಾದವರಿಗಾಗಿ, ಅವರಲ್ಲಿ ಕೇರಳದ ಲಾರಿ ಚಾಲಕರೊಬ್ಬರೂ ಇದ್ದರು, ಗಂಗಾವಳಿಯ ನೀರಿನಲ್ಲಿ ಹುಡುಕಾಟ ಮುಗಿದಿರಲಿಲ್ಲ. ಕೇರಳದ ಮುಖ್ಯಮಂತ್ರಿಗಳ ವಿಪತ್ತು ಪರಿಹಾರ ನಿಧಿ ಎಂಬುದೂ ನಿಜ, ಅದಕ್ಕೆ ದೇಣಿಗೆ ಕೋರಿದ್ದೂ ನಿಜ. ವಂಚಕರು ಇಷ್ಟೆಲ್ಲ ನಿಜವನ್ನು ಹಾಗೆಯೇ ಬಿಟ್ಟು ಹಣ ಸೇರುವ ಖಾತೆಯೊಂದನ್ನು ಮಾತ್ರ ಬದಲಾಯಿಸುತ್ತಾರೆ.

ಕ್ಯೂಆರ್ ಕೋಡ್ ಎಂದರೆ ಮನುಷ್ಯರ ಕಣ್ಣಿಗೆ ಓದಲಾಗದ ಒಂದು ವಿಳಾಸ. ಲಾಂಛನ, ಭಾವಚಿತ್ರ, ಮನವಿಯ ಒಕ್ಕಣೆ ಎಲ್ಲವನ್ನೂ ಅಸಲಿನಿಂದಲೇ ತೆಗೆದುಕೊಂಡು, ನಡುವಿನ ಕಪ್ಪು-ಬಿಳಿ ಚೌಕವನ್ನಷ್ಟೇ ಬದಲಿಸಿದರೆ ಗಣಿತದ ಮೇಷ್ಟರಿಗೂ ಗೊತ್ತಾಗುವುದಿಲ್ಲ, ಗವರ್ನರಿಗೂ ಗೊತ್ತಾಗುವುದಿಲ್ಲ. ಈ ಅಪಾಯ ಎಷ್ಟು ದಿಟವಾಗಿತ್ತೆಂದರೆ, ವಯನಾಡಿನ ದುರಂತ ನಡೆದ ಕೆಲವೇ ದಿನಗಳಲ್ಲಿ ಕೇರಳ ಸರ್ಕಾರವೇ ತಾನು ಪ್ರಕಟಿಸಿದ್ದ ಕ್ಯೂಆರ್ ಕೋಡನ್ನು ದುರ್ಬಳಕೆಯ ಶಂಕೆಯಿಂದ ಹಿಂತೆಗೆದುಕೊಂಡಿತು. ಅದರ ಬದಲು ಯುಪಿಐ ವಿಳಾಸವನ್ನು ಬಳಸುವ ವ್ಯವಸ್ಥೆಯನ್ನು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪ್ರಕಟಿಸಿದರು. ಸರ್ಕಾರವೇ ತನ್ನ ಕೋಡಿನ ಮೇಲೆ ಭರವಸೆ ಇಡದ ವಾರದಲ್ಲಿ ನಿಮ್ಮ ತಂದೆ ಒಂದು ಕೋಡನ್ನು ನಂಬಿದರು, ಅಷ್ಟೇ.

ಓದಲು ಬರುವ ವಿಳಾಸವಾದರೆ ಭಯವಿಲ್ಲ ಎಂದೂ ಅಂದುಕೊಳ್ಳಬೇಡಿ. 2020ರ ಮಾರ್ಚ್ 28ರಂದು ಪಿಎಂ ಕೇರ್ಸ್ ನಿಧಿಯನ್ನು ಘೋಷಿಸಿದ ಬೆನ್ನಿಗೇ ಅದರ ಯುಪಿಐ ವಿಳಾಸವನ್ನು ಹೋಲುವ ನಕಲಿ ವಿಳಾಸವೊಂದು ಹುಟ್ಟಿಕೊಂಡಿತು. ಅಸಲಿಯಲ್ಲಿ ‘ಕೇರ್ಸ್’ ಎಂದಿದ್ದರೆ ನಕಲಿಯಲ್ಲಿ ‘ಕೇರ್’ ಎಂದಿತ್ತು. ಕೊನೆಯ ಎಸ್ ಅಕ್ಷರವೊಂದಷ್ಟೇ ಇರಲಿಲ್ಲ. ದೆಹಲಿ ಪೊಲೀಸರ ಸೈಬರ್ ವಿಭಾಗ ಅದನ್ನು ಗುರುತಿಸಿ ಬ್ಯಾಂಕಿನ ಮೂಲಕ ತಡೆಹಿಡಿಸಿತು. ಒಂದು ಅಕ್ಷರದ ಅಂತರವನ್ನು ಇಪ್ಪತ್ತೈದರ ಹುಡುಗರ ಕಣ್ಣೂ ದಾಟಿಬಿಡುತ್ತದೆ.

ಇನ್ನು ಅವರ ಮೌನದ ವಿಚಾರ. ಆ ಕೋಡನ್ನು ಗುಂಪಿಗೆ ಹಾಕಿದವರು ಬಹುಶಃ ಅವರ ಹಳೆಯ ಸಹೋದ್ಯೋಗಿಯೇ ಇರಬೇಕು, ಅವರೂ ನಂಬಿಯೇ ಹಾಕಿರಬೇಕು. ಹೀಗಾಗಿ ನಿಮ್ಮ ತಂದೆಗೆ ಕೋಪ ಮಾಡಿಕೊಳ್ಳಲು ಒಂದು ಮುಖವೂ ಸಿಕ್ಕಿಲ್ಲ. ಎಲ್ಲ ಕೋಪವೂ ತಮ್ಮ ಮೇಲೆಯೇ ತಿರುಗಿದೆ. ‘ನೀವು ಹೇಗೆ ಮೋಸ ಹೋದಿರಿ’ ಎಂಬ ಪ್ರಶ್ನೆಯನ್ನು ನನಗೆ ಕೇಳಿದ್ದು ಒಳ್ಳೆಯದಾಯಿತು, ಅವರಿಗೆ ಕೇಳಬೇಡಿ. ಮುಂದಿನ ಬಾರಿ ಅವರಿಗೆ ಇಷ್ಟವಾದ ಒಂದು ಕೆಲಸಕ್ಕೆ, ಐನೂರೇ ರೂಪಾಯಿ ಆಗಲಿ, ನೀವು ಪಕ್ಕದಲ್ಲಿ ಕುಳಿತಿದ್ದು ಅವರ ಕೈಯಿಂದಲೇ ಕೊಡಿಸಿ. ವಿಳಾಸವನ್ನು ಪರೀಕ್ಷಿಸುವ ಕೆಲಸ ಅವರದೇ ಆಗಲಿ. ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಅದು.

ಪ್ರಶ್ನೆ: ನನಗೆ 71 ವರ್ಷ. ಪಿಂಚಣಿ ನನ್ನದು, ಮನೆ ನನ್ನದು. ಪಕ್ಕದ ಮನೆಯವರು ದೇಣಿಗೆಯ ಕರೆಯೊಂದಕ್ಕೆ ಮೋಸ ಹೋದರೆಂದು ಕೇಳಿ ನನ್ನ ಮಗ ನನ್ನ ಫೋನಿನಿಂದ ಹಣ ಕಳುಹಿಸುವ ಆ್ಯಪನ್ನೇ ತೆಗೆದುಹಾಕಿದ್ದಾನೆ. ಇನ್ನು ಮೇಲೆ ಮಕ್ಕಳ ಅನುಮತಿ ಪಡೆದು ದಾನ ಮಾಡಬೇಕೆ? ನಾನೇ ಪರೀಕ್ಷಿಸಿ ಕೊಡುವ ಕ್ರಮವನ್ನು ತಿಳಿಸಿ. — ಓದುಗರು, ಶಿರಸಿ

ಉತ್ತರ: ಬೇಕಿಲ್ಲ. ನಿಮ್ಮ ಹಣವನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನ ನಿಮ್ಮದು. ಮಗನ ಆತಂಕ ಸಹಜವಾದರೂ ಅವರು ಹಿಡಿದ ದಾರಿ ಸರಿಯಲ್ಲ, ಏಕೆಂದರೆ ಆ್ಯಪ್ ಇಲ್ಲದ ಹಿರಿಯರು ಕೊಡುವುದನ್ನು ನಿಲ್ಲಿಸುವುದಿಲ್ಲ. ಮನೆಯವರಿಗೆ ಹೇಳದೆ ಬೇರೆ ದಾರಿಯಲ್ಲಿ ಕೊಡುತ್ತಾರೆ. ವಂಚಕರಿಗೆ ಬೇಕಾದದ್ದೂ ಆ ಗುಟ್ಟೇ.

ನಾನು ಪಾಲಿಸುವ ಕ್ರಮ ಇಷ್ಟು: ಕೇಳಿಕೊಂಡು ಬಂದವರಿಗೆ ಅದೇ ಹೊತ್ತಿನಲ್ಲಿ ಕೊಡುವುದಿಲ್ಲ, ಯಾರಿಗೆ ಕೊಡಬೇಕೆಂದು ನಾನೇ ತೀರ್ಮಾನಿಸಿ, ನಾನೇ ಅವರನ್ನು ಹುಡುಕಿಕೊಂಡು ಹೋಗಿ ಕೊಡುತ್ತೇನೆ. ಕರೆ, ಸಂದೇಶ, ಚೀಟಿ ಯಾವುದೇ ಬರಲಿ, ಅದರಿಂದ ನಾನು ತೆಗೆದುಕೊಳ್ಳುವುದು ಕಷ್ಟದ ಸುದ್ದಿಯನ್ನು ಮಾತ್ರ. ಅದರಲ್ಲಿರುವ ಸಂಖ್ಯೆ, ಕೊಂಡಿ, ಕೋಡ್ ಯಾವುದನ್ನೂ ಮುಟ್ಟುವುದಿಲ್ಲ. ಕೊಡಬೇಕೆನ್ನಿಸಿದರೆ ಒಂದು ರಾತ್ರಿ ಬಿಟ್ಟು, ಮರುದಿನದ ಪತ್ರಿಕೆಯಲ್ಲಿ ಬಂದ ಅಧಿಕೃತ ಪ್ರಕಟಣೆ ನೋಡಿ, ಇಲ್ಲವೇ ಬ್ಯಾಂಕಿಗೆ ಹೋಗಿ ಕೇಳಿ ಕೊಡುತ್ತೇನೆ.

‘ಅಲ್ಲಿ ಜನ ಹಸಿದು ಕುಳಿತಿದ್ದಾರೆ, ನೀವು ರಾತ್ರಿ ಕಳೆಯಲಿ ಎನ್ನುತ್ತೀರಲ್ಲ’ ಎಂದು ಕರೆ ಮಾಡಿದವರು ಚುಚ್ಚಿ ಮಾತನಾಡುವುದುಂಟು. ಮೊದಲ ದಿನದ ಅನ್ನ, ಹಗ್ಗ, ದೋಣಿ ನಿಮ್ಮ ಖಾತೆಯ ಹಣಕ್ಕೆ ಕಾಯುವುದಿಲ್ಲ. ಅದನ್ನು ಜಿಲ್ಲಾಡಳಿತ, ವಿಪತ್ತು ಪಡೆ ಮತ್ತು ಅಕ್ಕಪಕ್ಕದ ಊರಿನವರು ನೋಡಿಕೊಳ್ಳುತ್ತಾರೆ. ದೇಣಿಗೆಯ ಹಣದ ಕೆಲಸ ನಿಧಾನವಾಗಿ ನಡೆಯುವಂಥದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರಲ್ಲಿ ಅನೇಕರಿಗೆ ಜಂಬೂರಿನ ಹೊಸ ಮನೆಗಳು ಸಿಕ್ಕಿದ್ದು 2020ರಲ್ಲಿ. ವಯನಾಡಿನವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಕಟ್ಟುವ ವಸತಿ ಬಡಾವಣೆಗೆ ಶಂಕುಸ್ಥಾಪನೆಯಾದದ್ದು 2025ರ ಮಾರ್ಚ್ 27ರಂದು, ಅಂದರೆ ದುರಂತ ನಡೆದು ಎಂಟು ತಿಂಗಳಾದ ಮೇಲೆ. ಆ ಮನೆಗಳ ಇಟ್ಟಿಗೆಗೆ ನಿಮ್ಮ ಐದು ಸಾವಿರ ಒಂದು ರಾತ್ರಿ ತಡವಾಗಿ ತಲುಪಿದರೆ ಯಾರಿಗೂ ನಷ್ಟವಿಲ್ಲ. ‘ಈಗಲೇ, ಹತ್ತು ನಿಮಿಷದಲ್ಲಿ’ ಎನ್ನುವವರಿಗೆ ಮಾತ್ರ ಆ ರಾತ್ರಿ ನಷ್ಟ.

ಸರ್ಕಾರದ ನಿಧಿಗೆ ಕೊಡುವುದಾದರೆ ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯಬೇಕು. ಮುಗಿಯಬೇಕು ಎಂಬುದನ್ನು ಗಮನಿಸಿ. ಆ ಅಕ್ಷರಗಳನ್ನು ವಿಳಾಸದ ನಡುವಿನಲ್ಲಿ ತುರುಕಿ, ಕೊನೆಗೆ ‘ಡಾಟ್ ಕಾಮ್’ ಅಥವಾ ಇನ್ನೇನನ್ನೋ ಇಡುವುದು ಹಳೆಯ ಉಪಾಯ. ಟ್ರಸ್ಟ್ ಅಥವಾ ಸಂಸ್ಥೆಯಾದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ತಾಣದಲ್ಲಿ ಅದರ ಹೆಸರನ್ನು ಹುಡುಕಬಹುದು. 80ಜಿ ಎಂದು ನಮಗೆಲ್ಲ ಪರಿಚಿತವಾದ ತೆರಿಗೆ ರಿಯಾಯಿತಿಯ ಮಾನ್ಯತೆ ಇದೆಯೇ ಎಂಬುದನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ನೋಡಬಹುದು. ನೋಂದಣಿ ಇದ್ದ ಮಾತ್ರಕ್ಕೆ ಪ್ರಾಮಾಣಿಕರೆಂದು ಅರ್ಥವಲ್ಲವೆಂಬುದೂ ನೆನಪಿರಲಿ. ನನ್ನನ್ನು ಕೇಳಿದರೆ, ಐದಾರು ವರ್ಷ ನಿಮ್ಮ ಕಣ್ಣೆದುರೇ ಕೆಲಸ ಮಾಡಿದ ಸಂಸ್ಥೆಯೊಂದಿದ್ದರೆ ಅದಕ್ಕೆ ಕೊಡಿ. ಭೂಕುಸಿತದ ಮರುದಿನ ಹುಟ್ಟಿದ ಸಂಸ್ಥೆಗೆ, ಅದು ಎಷ್ಟೇ ಒಳ್ಳೆಯದಿರಲಿ, ಮುಂದಿನ ವರ್ಷ ಕೊಟ್ಟರಾಯಿತು.

ಮಗ ಆ್ಯಪನ್ನು ಮರಳಿ ಹಾಕಿಕೊಟ್ಟ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಕೋಡನ್ನು ಸ್ಕ್ಯಾನ್ ಮಾಡಿದ ಅಥವಾ ಯುಪಿಐ ವಿಳಾಸ ಬರೆದ ಕೂಡಲೇ ತೆರೆಯ ಮೇಲ್ಭಾಗದಲ್ಲಿ ಒಂದು ಹೆಸರು ಮೂಡುತ್ತದೆ, ಅದರ ಕೆಳಗೆ ಮೊತ್ತ ಬರೆಯುವ ಜಾಗ ದೊಡ್ಡದಾಗಿ ಇರುತ್ತದೆ. ಸೊನ್ನೆ ಹೆಚ್ಚಾದೀತೆಂಬ ಭಯಕ್ಕೆ ಎಲ್ಲರೂ ಮೊತ್ತವನ್ನು ನೋಡುತ್ತಾರೆ, ಹೆಸರನ್ನು ನೋಡುವುದಿಲ್ಲ. ನೀವು ಕನ್ನಡಕ ಹಾಕಿಕೊಂಡು ಮೊದಲು ಹೆಸರನ್ನು ಓದಿ. ಹಣ ಪಡೆಯುವವರ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಇರುವಂತೆಯೇ ಅಲ್ಲಿ ಕಾಣಿಸಬೇಕೆಂದು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ಎಲ್ಲ ಆ್ಯಪ್‌ಗಳಿಗೂ 2025ರ ಜೂನ್ 30ರ ಗಡುವು ವಿಧಿಸಿತ್ತು. ಪರಿಹಾರ ನಿಧಿಗೆಂದು ಹೊರಟ ಹಣದ ಎದುರು ಯಾರೋ ವ್ಯಕ್ತಿಯ ಹೆಸರು ಮೂಡಿದರೆ ಅಲ್ಲಿಗೆ ನಿಲ್ಲಿಸಿ. ‘ಅವರು ನಮ್ಮ ಖಜಾಂಚಿ’ ಎಂಬ ಸಮಜಾಯಿಷಿಯನ್ನು ಕೇಳಿಸಿಕೊಳ್ಳಲೇಬೇಡಿ.

ಇದೆಲ್ಲ ತಲೆನೋವೆನ್ನಿಸಿದರೆ ಚೆಕ್ ಇದೆಯಲ್ಲ. ನಿಧಿಯ ಪೂರ್ಣ ಹೆಸರಿನಲ್ಲಿ ಅಡ್ಡಗೆರೆ ಹಾಕಿದ ಅಕೌಂಟ್ ಪೇಯಿ ಚೆಕ್ ಬರೆದು, ಅಧಿಕೃತ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕರ್ನಾಟಕದ ಮುಖ್ಯಮಂತ್ರಿಗಳ ಪರಿಹಾರ ನಿಧಿಯ ಕಚೇರಿ ವಿಧಾನಸೌಧದಲ್ಲೇ ಇದೆ. ಚೆಕ್ ಬರೆಯುವುದು ಹಳೆಯ ಕಾಲದವರ ಕೆಲಸವೆಂದು ಮಕ್ಕಳು ನಕ್ಕರೆ ನಗಲಿ. ಲಕೋಟೆಗೆ ಅಂಟು ಹಚ್ಚುವ ಹೊತ್ತಿನಲ್ಲಿ ಬುದ್ಧಿ ಮರಳಿ ಬಂದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನೆರೆ ಬಂದಾಗಲೆಲ್ಲ ನಮ್ಮ ಬಡಾವಣೆಗೆ ರಸೀದಿ ಪುಸ್ತಕ ಹಿಡಿದ ಯುವಕರು ಬರುತ್ತಾರೆ. ಮನೆಯಲ್ಲಿ ಹಗಲು ನಾವು ಮುದುಕರಿಬ್ಬರೇ. ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗುವುದಿಲ್ಲ. ಏನು ಮಾಡಬೇಕು? — ಓದುಗರು, ದಾವಣಗೆರೆ

ಉತ್ತರ: ರಸೀದಿ ಪುಸ್ತಕವನ್ನು ಯಾವ ಮುದ್ರಣಾಲಯದಲ್ಲಾದರೂ ಒಂದೇ ದಿನದಲ್ಲಿ ಮಾಡಿಸಬಹುದು, ಅದು ಪುರಾವೆಯಲ್ಲ. ಬಾಗಿಲ ಸರಪಳಿ ಬಿಚ್ಚದೆ, ‘ನಿಮ್ಮ ಸಂಸ್ಥೆಯ ಹೆಸರು, ಖಾತೆಯ ವಿವರ ಬರೆದು ಕೊಟ್ಟು ಹೋಗಿ, ನಾವು ಚೆಕ್ ಕಳುಹಿಸುತ್ತೇವೆ’ ಎನ್ನಿ. ನಿಜವಾದವರು ಬರೆದುಕೊಟ್ಟು ಹೋಗುತ್ತಾರೆ. ನಗದೇ ಬೇಕೆಂದು ಹಟ ಹಿಡಿದವರಿಗೆ ನೀರು ಕೊಟ್ಟು ಕಳುಹಿಸಿದರೆ ಸಾಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ರಿಯಾಯಿತಿ ಇಲ್ಲವೆಂಬುದೂ ನಿಮಗೆ ಒಂದು ಒಳ್ಳೆಯ ನೆಪವಾದೀತು. ಬಂದವರೊಡನೆ ಮಾತನಾಡುತ್ತ ಮನೆಯಲ್ಲಿ ಹಗಲು ನೀವಿಬ್ಬರೇ ಇರುತ್ತೀರೆಂದು ಮಾತ್ರ ಹೇಳಿಕೊಳ್ಳಬೇಡಿ.

ಪ್ರಶ್ನೆ: ನನ್ನ ಯಜಮಾನರು (80 ವರ್ಷ) ಪ್ರವಾಹ ಪರಿಹಾರಕ್ಕೆಂದು ಬಂದ ಕರೆಗೆ 2,000 ರೂಪಾಯಿ ಕೊಟ್ಟರು. ಮರುದಿನ ‘ತೆರಿಗೆ ರಿಯಾಯಿತಿಯ ರಸೀದಿ ಇದರಲ್ಲಿದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲ್ ಬಂತು. ಅದನ್ನು ತೆರೆದ ರಾತ್ರಿಯೇ ಖಾತೆಯಿಂದ ಮೂರು ಸಲ ಸೇರಿ 1,40,000 ರೂಪಾಯಿ ಹೋಯಿತು. ದೂರು ಕೊಟ್ಟಿದ್ದೇವೆ. ಈಗ ವಕೀಲರೆಂದು ಹೇಳಿಕೊಳ್ಳುವ ಒಬ್ಬರು ಕರೆ ಮಾಡಿ, ಶುಲ್ಕ ಕಟ್ಟಿದರೆ ಹಣ ವಾಪಸ್ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಕಟ್ಟಬಹುದೆ? — ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಕಟ್ಟಬೇಡಿ, ಅಮ್ಮ. ಒಮ್ಮೆ ಹಣ ಕಳೆದುಕೊಂಡವರ ಹೆಸರು, ಫೋನ್ ಸಂಖ್ಯೆ ವಂಚಕರ ನಡುವೆ ಕೈಬದಲಾಗುತ್ತದೆ. ಎರಡನೆಯ ಕರೆ ಮಾಡುವವರು ಪೊಲೀಸರೋ ವಕೀಲರೋ ಬ್ಯಾಂಕಿನವರೋ ಆಗಿ ಬರುತ್ತಾರೆ, ಹೋದ ಮೊತ್ತವನ್ನು ಪೈಸೆ ತಪ್ಪದೆ ಹೇಳುತ್ತಾರೆ, ಹಾಗೆ ಹೇಳುವುದರಿಂದಲೇ ನಂಬಿಕೆ ಹುಟ್ಟುತ್ತದೆ. ಸರ್ಕಾರದ ಯಾವ ವ್ಯವಸ್ಥೆಯೂ ಕಳೆದ ಹಣ ಮರಳಿಸಲು ಮುಂಗಡ ಕೇಳುವುದಿಲ್ಲ. ಆ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ದಾಖಲಿಸಿ, ನಿಮ್ಮ ದೂರಿನ ತನಿಖಾಧಿಕಾರಿಗೂ ತಿಳಿಸಿ.

ನಿಮ್ಮಲ್ಲಿ ನಡೆದದ್ದು ಎರಡು ಬೇರೆ ಬೇರೆ ಘಟನೆಗಳು. ದೂರಿನಲ್ಲಿಯೂ ಅವು ಬೇರೆಯಾಗಿಯೇ ಇರಲಿ. 2,000 ರೂಪಾಯಿಯನ್ನು ಯಜಮಾನರು ತಾವೇ ಪಿನ್ ಒತ್ತಿ ಕಳುಹಿಸಿದರು. 1,40,000 ರೂಪಾಯಿ ಅವರ ಒಪ್ಪಿಗೆ ಇಲ್ಲದೆ ಹೋಯಿತು. ಬಂದ ಫೈಲ್ ಎಪಿಕೆ ಎಂದು ಮುಗಿಯುವಂಥದ್ದಾಗಿರಬೇಕು. ಅದು ರಸೀದಿಯಲ್ಲ, ಫೋನಿನೊಳಗೆ ಕುಳಿತು ಬ್ಯಾಂಕಿನ ಸಂದೇಶಗಳನ್ನೂ ಒಟಿಪಿಯನ್ನೂ ಬೇರೆಯವರಿಗೆ ದಾಟಿಸುವ ಒಂದು ಆ್ಯಪ್. ಮೊದಲ 2,000 ಬರಿಯ ಗಾಳ. ಯಾರು ಕೊಡುತ್ತಾರೆ ಎಂದು ನೋಡಿಕೊಳ್ಳುವುದಕ್ಕಷ್ಟೇ. ಆ ಫೋನನ್ನು ಇನ್ನೂ ಬಳಸುತ್ತಿದ್ದರೆ ಇಂದೇ ಅಂತರ್ಜಾಲ ಸಂಪರ್ಕ ತೆಗೆದು, ತಿಳಿದವರಿಂದ ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಿಕೊಳ್ಳಿ. ದೂರಿಗೆ ಬೇಕಾದ ಸಂದೇಶಗಳ ಚಿತ್ರಗಳನ್ನು ಅದಕ್ಕೆ ಮೊದಲೇ ತೆಗೆದಿಟ್ಟುಕೊಳ್ಳುವುದನ್ನು ಮರೆಯಬೇಡಿ.

ಪ್ರಸಂಗವಶಾತ್ ಹೇಳುತ್ತೇನೆ: ನಿಜವಾದ ಟ್ರಸ್ಟ್‌ಗಳು ದೇಣಿಗೆಯ ವಿವರವನ್ನು ವರ್ಷಕ್ಕೊಮ್ಮೆ ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಿ, ಆನಂತರ ಅದರ ಪ್ರಮಾಣಪತ್ರವನ್ನು ದಾನಿಗೆ ಕೊಡುವ ಪದ್ಧತಿ ಬಂದು ಕೆಲವು ವರ್ಷಗಳಾಗಿವೆ. ಕೊಟ್ಟ ಮರುದಿನವೇ ಫೈಲ್ ರೂಪದಲ್ಲಿ ‘ತೆರಿಗೆ ಪ್ರಮಾಣಪತ್ರ’ ಬಂತೆಂದರೆ ಅನುಮಾನಿಸಬೇಕು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಆ ರಿಯಾಯಿತಿಯೇ ಇಲ್ಲ.

ದೂರಿನ ವಿಚಾರವನ್ನು ಎಲ್ಲ ಓದುಗರಿಗೂ ತಿಳಿಯುವಂತೆ ಬರೆಯುತ್ತೇನೆ. ಹಣ ಹೋಯಿತೆಂದು ಗೊತ್ತಾದ ಕ್ಷಣದಲ್ಲಿ ಮಾಡಬೇಕಾದ ಮೊದಲ ಕರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ. ಮಗನಿಗಲ್ಲ, ಶಾಖಾ ವ್ಯವಸ್ಥಾಪಕರಿಗಲ್ಲ, 1930ಕ್ಕೆ. ವಂಚಕರ ಖಾತೆಗೆ ಬಿದ್ದ ಹಣ ಅಲ್ಲಿ ನಿಲ್ಲುವುದಿಲ್ಲ. ಬಾಡಿಗೆಗೆ ಪಡೆದ ಬೇರೆ ಬೇರೆ ಖಾತೆಗಳಿಗೆ ನಿಮಿಷಗಳಲ್ಲಿ ಹಂಚಿಹೋಗಿ, ಎಲ್ಲೋ ಎಟಿಎಂನಿಂದ ನಗದಾಗುತ್ತದೆ. 1930ಕ್ಕೆ ಕೊಟ್ಟ ದೂರು ಆ ಸರಪಳಿಯಲ್ಲಿರುವ ಬ್ಯಾಂಕುಗಳಿಗೆ ನೇರವಾಗಿ ತಲುಪುವುದರಿಂದ, ದಾರಿಯಲ್ಲಿ ಎಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ತಡೆಹಿಡಿಯಲು ಅವಕಾಶವಿದೆ. ಕರೆ ಮಾಡುವಾಗ ಖಾತೆ ಸಂಖ್ಯೆ, ಹಣ ಹೋದ ಹೊತ್ತು, ಮೊತ್ತ ಮತ್ತು ಯುಪಿಐ ಆಗಿದ್ದರೆ ಆ ವಹಿವಾಟಿನ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ. ನಂತರ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಅಥವಾ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರನ್ನು ಪೂರ್ಣಗೊಳಿಸಿ.

ಶಾಖೆಯನ್ನು ನಂಬಿ ಕೂರಬೇಡಿ ಎಂದು ಒಬ್ಬ ಹಳೆಯ ಬ್ಯಾಂಕಿನವನೇ ಹೇಳಬೇಕಾಗಿ ಬಂದಿರುವುದು ಬೇಸರದ ಸಂಗತಿ. ನನ್ನ ಸ್ವಂತ ಅಕ್ಕ ಇಂಥದೇ ಒಂದು ವಂಚನೆಗೆ ಸಿಕ್ಕು, ಶುಕ್ರವಾರ ಮಧ್ಯಾಹ್ನ ತಮ್ಮ ಶಾಖೆಗೆ ಓಡಿದರು. ಅಲ್ಲಿದ್ದವರು ‘ಸಂಬಂಧಪಟ್ಟ ಅಧಿಕಾರಿ ರಜೆಯಲ್ಲಿದ್ದಾರೆ, ಸೋಮವಾರ ಅರ್ಜಿ ತನ್ನಿ’ ಎಂದು ಕಳುಹಿಸಿದರು. ಮರುದಿನ ಎರಡನೆಯ ಶನಿವಾರ. ನನಗೆ ವಿಷಯ ತಿಳಿದದ್ದು ಭಾನುವಾರ ಊಟದ ಹೊತ್ತಿಗೆ, ಅದೂ ಅವರು ಅನ್ನ ಕಲಸಿದ ಕೈಯನ್ನು ಹಾಗೆಯೇ ಇಟ್ಟುಕೊಂಡು ಕುಳಿತದ್ದನ್ನು ನೋಡಿ ಕೇಳಿದ ಮೇಲೆ. ಅಷ್ಟರಲ್ಲಿ ತಡೆಹಿಡಿಯಲು ಒಂದು ರೂಪಾಯಿಯೂ ಉಳಿದಿರಲಿಲ್ಲ.

ಬ್ಯಾಂಕಿನ ಹೊಣೆಯ ಬಗ್ಗೆ: ಗ್ರಾಹಕರ ಒಪ್ಪಿಗೆ ಇಲ್ಲದೆ ನಡೆದ ವಿದ್ಯುನ್ಮಾನ ವಹಿವಾಟುಗಳಲ್ಲಿ ಯಾರ ಹೊಣೆ ಎಷ್ಟು ಎಂಬ ತತ್ವವನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟಿತು. ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದೆ ಮೂರನೆಯವರಿಂದ ಆಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ ಎಂಬುದು ಅದರ ಸಾರ. ಆ ಫೈಲನ್ನು ತೆರೆದದ್ದೇ ಅಜಾಗರೂಕತೆ ಎಂದು ಬ್ಯಾಂಕು ವಾದಿಸುವ ಸಾಧ್ಯತೆ ಹೆಚ್ಚು. ಗ್ರಾಹಕರದೇ ಅಜಾಗರೂಕತೆ ಎಂದಾದರೂ, ನೀವು ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ; ಆದ್ದರಿಂದ ನೀವು ತಿಳಿಸಿದ ದಿನ ಮತ್ತು ಹೊತ್ತಿಗೆ ಬರಹದ ಪುರಾವೆ ಇರಬೇಕು. ಬಾಯಿಮಾತಿನ ದೂರು ದೂರಲ್ಲ. ಮೂವತ್ತು ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಹಣ ಎಲ್ಲಿಯಾದರೂ ತಡೆಹಿಡಿಯಲ್ಪಟ್ಟಿದ್ದರೆ ಅದನ್ನು ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾಗುವುದುಂಟು. ತನಿಖಾಧಿಕಾರಿಯನ್ನು ಕೇಳಿ, ಕರೆ ಮಾಡಿದ ಆ ‘ವಕೀಲ’ರನ್ನಲ್ಲ.

ಯಜಮಾನರು ಊಟ, ನಿದ್ರೆ ಬಿಟ್ಟಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತನಾಡಬಹುದು.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ತಂದೆ-ತಾಯಿ ಧಾರವಾಡದಲ್ಲಿದ್ದಾರೆ. ಇಬ್ಬರದೂ ಉದಾರ ಸ್ವಭಾವ. ಇಲ್ಲಿಂದಲೇ ಅವರ ಖಾತೆಗೆ ಏನಾದರೂ ಕಾವಲು ಹಾಕಬಹುದೆ? ನಾನು ಇಲ್ಲಿಂದ ನಮ್ಮ ಕಡೆಯ ಸಂಸ್ಥೆಗಳಿಗೆ ನೇರವಾಗಿ ಹಣ ಕಳುಹಿಸಬಹುದೆ? — ಓದುಗರು

ಉತ್ತರ: ಕಾವಲನ್ನು ಅವರೊಡನೆ ಮಾತನಾಡಿ, ಅವರ ಕೈಯಿಂದಲೇ ಹಾಕಿಸಿ. ಪಿಂಚಣಿ ಮತ್ತು ಠೇವಣಿ ಇರುವ ಖಾತೆಗೆ ಯುಪಿಐ ಬೇಡ; ದಿನದ ಖರ್ಚಿಗೆ ಬೇರೊಂದು ಸಣ್ಣ ಉಳಿತಾಯ ಖಾತೆ ತೆರೆದು, ತಿಂಗಳಿಗೆ ಬೇಕಾದಷ್ಟನ್ನು ಅದಕ್ಕೆ ಹಾಕಿಕೊಂಡು, ಫೋನನ್ನು ಅದಕ್ಕೆ ಮಾತ್ರ ಜೋಡಿಸಿದರೆ ಸಾಕು. ಕೈ ತಪ್ಪಿದರೂ ಹೋಗುವುದು ಒಂದು ತಿಂಗಳ ತರಕಾರಿ ಹಣ. ದಿನದ ವಹಿವಾಟಿನ ಮಿತಿಯನ್ನು ತಗ್ಗಿಸುವ ಅವಕಾಶವನ್ನೂ ಬಹುತೇಕ ಬ್ಯಾಂಕುಗಳು ಕೊಡುತ್ತವೆ.

2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಸೌಲಭ್ಯವನ್ನು ಕೆಲವರು ಸೂಚಿಸುತ್ತಾರೆ. ಅದರಲ್ಲಿ ನಿಮ್ಮ ಖಾತೆಯಿಂದ ಖರ್ಚು ಮಾಡಲು ತಂದೆ-ತಾಯಿಗೆ ಅಧಿಕಾರ ಕೊಟ್ಟು, ಪ್ರತಿ ಪಾವತಿಗೂ ನೀವು ಒಪ್ಪಿಗೆ ಒತ್ತುವಂತೆ ಮಾಡಬಹುದು. ನನಗೆ ಅದು ಒಗ್ಗುವುದಿಲ್ಲ. ಧಾರವಾಡದ ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ತಾಯಿ, ಅಲ್ಲಿ ನಡುರಾತ್ರಿಯಲ್ಲಿ ಮಲಗಿರುವ ಮಗನ ಒಪ್ಪಿಗೆಗೆ ಕಾಯುತ್ತ ನಿಲ್ಲುವುದನ್ನು ಊಹಿಸಿಕೊಳ್ಳಿ. ಅದಕ್ಕಿಂತ, ‘ಅಪ್ಪಾ, ಐದು ಸಾವಿರಕ್ಕಿಂತ ಹೆಚ್ಚು ಯಾರಿಗಾದರೂ ಕೊಡುವ ಮನಸ್ಸಾದರೆ ಮೊದಲು ನನಗೊಂದು ಫೋನ್ ಮಾಡಿ, ನಾನು ಕೊಡುವಾಗಲೂ ನಿಮಗೆ ಮಾಡುತ್ತೇನೆ’ ಎಂಬ ಒಪ್ಪಂದ ಹೆಚ್ಚು ದಿನ ಬಾಳುತ್ತದೆ. ಒಪ್ಪಂದ ಎರಡೂ ಕಡೆಗೆ ಇರಬೇಕು.

ನಿಮ್ಮ ದೇಣಿಗೆಯ ವಿಚಾರ ನಿಮ್ಮ ಪೌರತ್ವವನ್ನು ಅವಲಂಬಿಸಿದೆ. ಭಾರತದ ಪೌರತ್ವ ಉಳಿಸಿಕೊಂಡಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ವಿದೇಶದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇರುವ ಸಂಸ್ಥೆ ಮಾತ್ರ, ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕಾಗಿಯೇ ತೆರೆದ ಖಾತೆಯಲ್ಲಿ ಅದನ್ನು ಪಡೆಯಬೇಕು. ಹಾಗಿರುವಾಗ ಊರಿನ ಯಾವುದೋ ಖಾತೆಗೆ ಡಾಲರ್ ಕಳುಹಿಸಿ ಎನ್ನುವವರಿಗೆ ಒಂದೋ ಕಾನೂನು ಗೊತ್ತಿಲ್ಲ, ಇಲ್ಲವೇ ಬೇರೆ ಉದ್ದೇಶವಿದೆ.

ಪ್ರಶ್ನೆ: ನಮ್ಮ ಹಿರಿಯ ನಾಗರಿಕರ ಸಂಘದಿಂದಲೇ ನೆರೆ ಪರಿಹಾರಕ್ಕೆ ಹಣ ಸಂಗ್ರಹಿಸುವ ಯೋಚನೆ ಇದೆ. ಕಾರ್ಯದರ್ಶಿಯಾದ ನನ್ನ ಖಾತೆಗೆ ಹಾಕಿಸಿಕೊಂಡು ಒಟ್ಟಾಗಿ ಕಳುಹಿಸಬಹುದೆ? — ಓದುಗರು, ಉಡುಪಿ

ಉತ್ತರ: ನಿಮ್ಮ ಸ್ವಂತ ಖಾತೆ ಬೇಡವೇ ಬೇಡ. ನಾಳೆ ಯಾರೋ ನಿಮ್ಮ ಹೆಸರು ಹೇಳಿಕೊಂಡು ಅದೇ ಸದಸ್ಯರಿಗೆ ಕರೆ ಮಾಡಿದರೆ, ‘ಹೌದಲ್ಲ, ಕಾರ್ಯದರ್ಶಿಗಳ ಖಾತೆಗೇ ಹಾಕುತ್ತಿದ್ದೆವು’ ಎಂದು ಅವರು ನಂಬಿಬಿಡುತ್ತಾರೆ. ಸದಸ್ಯರೆಲ್ಲ ನಿಧಿಯ ಹೆಸರಿಗೇ ಚೆಕ್ ಬರೆದುಕೊಡಲಿ. ನೀವು ಅವನ್ನು ಒಂದು ಲಕೋಟೆಯಲ್ಲಿ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಹಣ ನಿಮ್ಮ ಕೈಯನ್ನು ಹಾದುಹೋಗುವುದೇ ಇಲ್ಲ. ಚೆಕ್ ಇಲ್ಲದವರ ನಗದನ್ನು ಸಂಘದ ಖಾತೆಗೆ, ಇಬ್ಬರ ಸಹಿ ಬೇಕಾಗುವ ಖಾತೆಗೆ, ಕಟ್ಟಿ, ಅಲ್ಲಿಂದ ಒಂದೇ ಚೆಕ್ ತೆಗೆಯಿರಿ. ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೇಣಿಗೆಯ ಮನವಿ ಹಾಕುವವರು ‘ಇದನ್ನು ನಾನು ಇಂಥ ಕಡೆ ವಿಚಾರಿಸಿದ್ದೇನೆ’ ಎಂದು ಬರೆದು ತಮ್ಮ ಹೆಸರನ್ನೂ ಹಾಕಬೇಕು, ಹಾಗಿಲ್ಲದ ಮನವಿಯನ್ನು ಅಳಿಸಲಾಗುವುದು ಎಂದು ಒಂದು ನಿಯಮ ಮಾಡಿ. ಮೊದಲ ವಾರ ಒಂದಿಬ್ಬರು ಮುನಿಸಿಕೊಳ್ಳಬಹುದು. ನಿಧಿಯಿಂದ ರಸೀದಿ ಬಂದ ದಿನ ಅದರ ಪ್ರತಿಯನ್ನು ಗುಂಪಿಗೆ ಹಾಕುವುದರ ಜತೆಗೆ, ಸಂಘದ ಕೋಣೆಯಲ್ಲಿ ಕೇರಂ ಆಡುವವರಿಗೆ ಕಾಣುವಂತೆ ಗೋಡೆಗೂ ಒಂದನ್ನು ಅಂಟಿಸಿ.